ಗೊರಕೆ ಒಂದು ಫೈಲು, ವಸಡು ಇನ್ನೊಂದು ಫೈಲು: ಎರಡನ್ನೂ ಒಟ್ಟಿಗೆ ನೋಡಿಸ್ಕೊಳ್ಳೋದು ಹೇಗೆ

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಕಾಫಿಗೂ ಮುಂಚೆ ನನ್ನ ಹೆಂಡ್ತಿ ಮೊಬೈಲ್ ಕೈಗಿಟ್ಲು, ರಾತ್ರಿ ನಾನು ಮಲಗಿರೋ ವಿಡಿಯೋ. ಮೊದಲ ಅರ್ಧ ನಿಮಿಷ ಬರೀ ಗೊರಕೆ, ಅದು ನಮ್ಮನೇಲಿ ಹೊಸದೇನಲ್ಲ, ನಮ್ಮಪ್ಪನೂ ಹೊಡೀತಿದ್ರು. ಆಮೇಲೆ ಇದ್ದಕ್ಕಿದ್ದಂಗೆ ಸದ್ದು ನಿಂತೋಗತ್ತೆ, ಹೊಟ್ಟೆ ಎದೆ ಎರಡೂ ಒದ್ದಾಡ್ತಿದೆ ಆದ್ರೆ ಉಸಿರಿಲ್ಲ, ಹಿಂದೆ ಗೋಡೆ ಗಡಿಯಾರದ ಸದ್ದು ಕೇಳತ್ತೆ, ಎಣಿಸಿದೆ, 22 ಟಿಕ್. ಆಮೇಲೆ ಬಾವಿಯಿಂದ ಮೇಲೆದ್ದೋರ ಥರ ಗಕ್ಕಂತ ಒಂದು ಉಸಿರು, ಮತ್ತೆ ಗೊರಕೆ. ಅಷ್ಟೂ ಹೊತ್ತು ಬಾಯಿ ಪೂರ್ತಿ ತೆರೆದೇ ಇತ್ತು, ಆದ್ರೆ ಅದನ್ನ ಯಾರು ನೋಡ್ತಾರೆ.

ಅದೇ ಟೈಮಲ್ಲಿ ಇನ್ನೊಂದು ಕಡೆ ವಸಡಲ್ಲಿ ರಕ್ತ. ಬ್ರಶ್ ಮಾಡಿದ್ರೆ ಸಿಂಕಲ್ಲಿ ಕೆಂಪು, ದಿಂಬಿನ ಕವರ್ ಮೇಲೆ ಜೊಲ್ಲಿನ ಕಲೆ ತೆಳು ಕೆಂಪು. ನಾನು ಟೂತ್‌ಪೇಸ್ಟ್ ಸರಿ ಇಲ್ಲ ಅಂತ ಮೂರು ಬ್ರ್ಯಾಂಡ್ ಬದಲಾಯಿಸಿದ್ದೆ. ಗೊರಕೆಗೆ ಒಂದು ಆಸ್ಪತ್ರೆ, ವಸಡಿಗೆ ಇನ್ನೊಂದು ಕ್ಲಿನಿಕ್, ಅವ್ರು ಬಾಯಿ ತೆಗೆಸಿ ಗಂಟಲು ನೋಡಿದ್ರು ಹಲ್ಲು ನೋಡ್ಲಿಲ್ಲ, ಇವ್ರು ಹಲ್ಲು ನೋಡಿದ್ರು ನಿದ್ದೆ ಕೇಳ್ಲಿಲ್ಲ. ಎಂಟು ತಿಂಗಳಾದ್ಮೇಲೆ ಒಂದು ಡೆಂಟಲ್ ಕಾಲೇಜಲ್ಲಿ ಪಿಜಿ ಮಾಡ್ತಿದ್ದ ಹುಡುಗಿ ನನ್ನ ಮೇಲಿನ ಮುಂದಿನ ಹಲ್ಲಿನ ವಸಡು ನೋಡ್ತಾ ನೋಡ್ತಾ ಕೇಳಿದ್ಲು, "ಸಾರ್, ರಾತ್ರಿ ಬಾಯಿ ತೆರ್ಕೊಂಡು ಮಲಗ್ತೀರಾ? ಬೆಳಗ್ಗೆ ಏಳುವಾಗ ನಾಲಿಗೆ ಅಂಗುಳಕ್ಕೆ ಅಂಟ್ಕೊಂಡಿರತ್ತಾ?" ಅಲ್ಲಿಂದ ಎರಡೂ ಫೈಲು ಒಂದೇ ಕವರಿಗೆ ಬಂತು. ನಾನು ಡಾಕ್ಟರ್ ಅಲ್ಲ, ಪೇಷಂಟು, ಆದ್ರೆ ಪೇಷಂಟಾಗಿ ಯಾವುದರ ಹಿಂದೆ ಯಾವುದು ಮಾಡ್ಬೇಕಿತ್ತು ಅಂತ ಈಗ ಚೆನ್ನಾಗಿ ಗೊತ್ತು, ಅದನ್ನ ಬರೀತಿದ್ದೀನಿ.

ಮೊದ್ಲು ಸಂಬಂಧ ಏನು ಅಂತ ತಿಳ್ಕೊಂಡ್ಬಿಡಿ, ಯಾಕಂದ್ರೆ ಇಲ್ಲೇ ಜನ ತಪ್ಪು ತಿಳ್ಕೊಳ್ಳೋದು. ಸ್ಲೀಪ್ ಆಪ್ನಿಯಾ ಅಂದ್ರೆ ನಿದ್ದೇಲಿ ಗಂಟಲಿನ ಮಾಂಸಖಂಡ ಸಡಿಲ ಆಗಿ ಉಸಿರಿನ ದಾರಿ ಮುಚ್ಕೊಳ್ಳೋದು, ಕನಿಷ್ಠ 10 ಸೆಕೆಂಡು ಉಸಿರು ನಿಂತ್ರೆ ಅದನ್ನ ಒಂದು ಸಲ ಅಂತ ಲೆಕ್ಕ ಇಡ್ತಾರೆ. ವಸಡಿನ ರೋಗ ಎರಡು ಹಂತ: ಮೊದಲನೇದು ವಸಡು ಊದಿ ರಕ್ತ ಬರೋದು, ಅದು ಕ್ಲೀನ್ ಮಾಡಿಸಿದ್ರೆ ವಾಪಸ್ ಸರಿ ಹೋಗತ್ತೆ. ಎರಡನೇದು ಪೆರಿಯೋಡಾಂಟೈಟಿಸ್, ಅದ್ರಲ್ಲಿ ಹಲ್ಲು ಹಿಡ್ಕೊಂಡಿರೋ ಮೂಳೆನೇ ಕರಗತ್ತೆ, ಕರಗಿದ ಮೂಳೆ ತಾನಾಗಿ ವಾಪಸ್ ಬರಲ್ಲ. ಇವೆರಡೂ ಒಂದೇ ಮನುಷ್ಯನಲ್ಲಿ ಜೊತೆಗೆ ಕಾಣಿಸೋದು ಮಾಮೂಲಿಗಿಂತ ಜಾಸ್ತಿ ಅಂತ ಕೊರಿಯಾ, ಅಮೆರಿಕ ಹೀಗೆ ಬೇರೆಬೇರೆ ಕಡೆ ನಡೆದ ಅಧ್ಯಯನಗಳಲ್ಲಿ ಬಂದಿದೆ, 2015ರಲ್ಲಿ ಬಂದ ಅಮೆರಿಕದ್ದೊಂದರಲ್ಲಿ ಲ್ಯಾಟಿನೋ ಸಮುದಾಯದ 12 ಸಾವಿರಕ್ಕೂ ಹೆಚ್ಚು ಜನರ ಬಾಯಿ, ನಿದ್ದೆ ಎರಡನ್ನೂ ನೋಡಿದ್ರು. ಆದ್ರೆ ಜೊತೆಗೆ ಇರೋದು ಬೇರೆ, ಒಂದರಿಂದ ಇನ್ನೊಂದು ಬಂತು ಅನ್ನೋದು ಬೇರೆ. ಆಪ್ನಿಯಾದಿಂದಲೇ ಮೂಳೆ ಕರಗ್ತು ಅಂತ ಯಾರೂ ಸಾಬೀತು ಮಾಡಿಲ್ಲ, ಹಾಗಾಗಿ "ರಾತ್ರಿ ಗಾಳಿ ಊದೋ ಆಪ್ನಿಯಾ ಮಶೀನ್ ಹಾಕ್ಕೊಂಡ್ರೆ ವಸಡು ತಾನಾಗೇ ಸರಿ ಹೋಗತ್ತೆ" ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ನಾನು ನಂಬಿದ್ದೆ.

ಮತ್ತೆ ಸಂಬಂಧ ಎಲ್ಲಿದೆ ಅಂದ್ರೆ ಮೂರು ಕಡೆ. ಒಂದು, ಜೊಲ್ಲು. ದಿನಕ್ಕೆ ಅರ್ಧ ಲೀಟರಿಂದ ಒಂದೂವರೆ ಲೀಟರ್ ತನಕ ಬರತ್ತೆ ಅದು, ಬಾಯಿ ತೊಳೆಯೋ ಕೆಲಸದವಳ ಥರ, ಆಸಿಡ್ ಇಳಿಸತ್ತೆ, ಬ್ಯಾಕ್ಟೀರಿಯಾ ಹಿಡಿತದಲ್ಲಿಡತ್ತೆ. ನಿದ್ದೇಲಿ ಎಲ್ರಿಗೂ ಜೊಲ್ಲು ಬರೋದು ತುಂಬಾ ಕಮ್ಮಿ ಆಗತ್ತೆ, ಅದ್ರ ಮೇಲೆ ಬಾಯಲ್ಲಿ ಉಸಿರಾಡಿದ್ರೆ ಇರೋದೂ ಆರಿಹೋಗತ್ತೆ, ಏಳು ಗಂಟೆ ಬಾಯಿ ಒಣಗಿದ್ರೆ ಹಲ್ಲಿನ ಬುಡದ ಪಾಚಿಗೆ ಅದು ಹಬ್ಬ. ಎರಡು, ರಾತ್ರಿಯಿಡೀ ಆಕ್ಸಿಜನ್ ಇಳಿಯೋದು ಏರೋದು ಇಳಿಯೋದು ಏರೋದು ಆದಾಗ ಇಡೀ ಮೈಯಲ್ಲಿ ಉರಿಯೂತ ಜಾಸ್ತಿ ಆಗತ್ತೆ, ವಸಡಿನ ರೋಗವೂ ಉರಿಯೂತದ್ದೇ ಕಾಯಿಲೆ, ಹಾಗಾಗಿ ಉರಿಯೋ ಒಲೆಗೆ ಇನ್ನೊಂದು ಸೌದೆ ಇಟ್ಟಂಗೆ ಆಗಬಹುದು ಅಂತ ಅಂದಾಜು. ಮೂರನೇದು ನನ್ನ ಪ್ರಕಾರ ನಮ್ಮ ಕಡೆಯೋರಿಗೆ ಅತಿ ಮುಖ್ಯ: ಶುಗರ್, ಹೊಟ್ಟೆ, ಬೀಡಿ ಸಿಗರೇಟು, ವಯಸ್ಸು, ಇವು ಎರಡೂ ಕಾಯಿಲೆಗೂ ಒಂದೇ ಬಾಗಿಲು. ಭಾರತದಲ್ಲಿ ಸುಮಾರು 10 ಕೋಟಿ ಜನಕ್ಕೆ ಆಪ್ನಿಯಾ ಇರಬಹುದು ಅಂತ ದೆಹಲಿ ಏಮ್ಸ್ ಡಾಕ್ಟರುಗಳು 2023ರಲ್ಲಿ ಅಂದಾಜು ಮಾಡಿದ್ರು, ಅವ್ರಲ್ಲಿ ಬಹಳ ಜನಕ್ಕೆ ಅದು ಇದೆ ಅಂತಲೇ ಗೊತ್ತಿಲ್ಲ.

ಈಗ ಮನೇಲೇ ಏನು ನೋಡ್ಕೋಬೇಕು

ವಿಡಿಯೋ ಮಾಡಿಸಿ. ಮೊಬೈಲನ್ನ ಮಂಚದ ಪಕ್ಕ ಸ್ಟೂಲ್ ಮೇಲೆ ಎದೆ, ಮುಖ ಎರಡೂ ಕಾಣೋ ಹಾಗಿಟ್ಟು ಮಲಗಿ ಎರಡು ಮೂರು ಗಂಟೆ ಆದ್ಮೇಲೆ, ಮತ್ತೆ ಬೆಳಗಿನ ಜಾವ, ಹತ್ತು ಹತ್ತು ನಿಮಿಷ ರೆಕಾರ್ಡ್ ಮಾಡಿದ್ರೆ ಸಾಕು. ಬೆಳಗಿನ ಜಾವ ಯಾಕೆ ಅಂದ್ರೆ ಕನಸು ಬೀಳೋ ನಿದ್ದೆ ಆವಾಗ ಜಾಸ್ತಿ, ಅದ್ರಲ್ಲಿ ಗಂಟಲು ಇನ್ನೂ ಸಡಿಲ ಆಗತ್ತೆ. ಒಬ್ಬರೇ ಇರೋರು ಬರೀ ಆಡಿಯೋ ರೆಕಾರ್ಡ್ ಹಾಕಿಟ್ಟು ಮಲಗಿ. ಕೋವಿಡ್ ಟೈಮಲ್ಲಿ ತಗೊಂಡ ಆಕ್ಸಿಮೀಟರ್ ಬೀರುವಲ್ಲಿ ಬಿದ್ದಿದೆಯಲ್ಲ, ಅದನ್ನ ಬೆರಳಿಗೆ ಹಾಕ್ಕೊಂಡು ನೋಡಿ 97 ಇದೆ ನನಗೇನೂ ಇಲ್ಲ ಅಂದ್ಕೋಬೇಡಿ, ಎಚ್ಚರ ಇದ್ದಾಗ ಆಪ್ನಿಯಾ ಇರೋರಿಗೂ 97 ಇರಬಹುದು.

ಆಮೇಲೆ ಸ್ಟಾಪ್‌ಬ್ಯಾಂಗ್ ಅಂತ ಎಂಟು ಪ್ರಶ್ನೆ ಇದೆ, ಟೊರೊಂಟೊದಲ್ಲಿ ಅರಿವಳಿಕೆ ಡಾಕ್ಟರುಗಳು 2008ರಲ್ಲಿ ತಂದಿದ್ದು. ಬಾಗಿಲು ಹಾಕಿದ್ರೂ ಕೇಳೋವಷ್ಟು ಗೊರಕೆನಾ, ಹಗಲಲ್ಲಿ ಸುಸ್ತು ತೂಕಡಿಕೆನಾ, ಉಸಿರು ನಿಲ್ಲೋದನ್ನ ಯಾರಾದ್ರೂ ನೋಡಿದ್ದಾರಾ, ಬಿಪಿ ಇದೆಯಾ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35ರ ಮೇಲಾ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ಮೇಲಾ, ಗಂಡಸಾ. ಒಂದೊಂದು ಹೌದಿಗೆ ಒಂದು ಮಾರ್ಕು, 3 ಬಂದ್ರೆ ಡಾಕ್ಟರ್ ಹತ್ರ ಹೋಗಿ, 5 ಮುಟ್ಟಿದ್ರೆ ಓಡಿ ಹೋಗಿ. ಕತ್ತಿನ ಅಳತೆಗೆ ಟೈಲರ್ ಟೇಪು ಸಾಕು, ಶರ್ಟ್ ಕಾಲರ್ ಸೈಜ್ 16 ಹಾಕೋರಿಗೆ ಟೇಪೂ ಬೇಡ. ಒಂದು ಮಾತು, ನಮ್ಮ ಏಷ್ಯಾದೋರಿಗೆ ದವಡೆ ಸ್ವಲ್ಪ ಚಿಕ್ಕದು, ಹಾಗಾಗಿ ಅಷ್ಟು ದಪ್ಪ ಇಲ್ದೇನೂ ಆಪ್ನಿಯಾ ಬರತ್ತೆ, ನಾನು ಸಣ್ಣಗಿದ್ದೀನಿ ಅಂತ ಸಮಾಧಾನ ಮಾಡ್ಕೋಬೇಡಿ. ಹೆಂಗಸರಿಗೆ, ಅದ್ರಲ್ಲೂ ಮುಟ್ಟು ನಿಂತ ಮೇಲೆ, ಇದು ಗೊರಕೆಗಿಂತ ಜಾಸ್ತಿ ನಿದ್ದೆ ಬರಲ್ಲ, ಬೆಳಗ್ಗೆ ತಲೆನೋವು, ಸುಸ್ತು ಅಂತ ಕಾಣಿಸ್ಕೊಳ್ಳತ್ತೆ, ನಮ್ಮಲ್ಲಿ ಅದನ್ನ "ವಯಸ್ಸಾಯ್ತು ಬಿಡಮ್ಮ" ಅಂತ ಮುಗಿಸ್ಬಿಡ್ತಾರೆ.

ಬಾಯಿ ವಿಷಯಕ್ಕೆ ಬಂದ್ರೆ ಬೆಳಗ್ಗೆ ಎದ್ದ ತಕ್ಷಣ ನೀರು ಕುಡಿಯೋಕ್ ಮುಂಚೆ ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಾಕಿ ತುಟಿ ಎತ್ತಿ ನೋಡಿ. ಮೇಲಿನ ಮುಂದಿನ ಹಲ್ಲುಗಳ ವಸಡು ಮಾತ್ರ ಕೆಂಪಗೆ ಹೊಳೀತಿದ್ದು ಹಿಂದಿನದು ಪರವಾಗಿಲ್ಲ ಅನ್ನೋ ಹಾಗಿದ್ರೆ ಬಾಯಲ್ಲಿ ಉಸಿರಾಡ್ತಿದ್ದೀರ ಅನ್ನೋ ಗುಮಾನಿ ಬರತ್ತೆ, ಆ ಪಿಜಿ ಹುಡುಗಿಗೂ ಅದೇ ಬಂದಿದ್ದು. ನಾಲಿಗೆ ಅಂಚಲ್ಲಿ ಹಲ್ಲಿನ ಅಚ್ಚು, ಹಲ್ಲಿನ ತುದಿ ಸವೆದಿರೋದು, ಹಲ್ಲು ಮೊದಲಿಗಿಂತ ಉದ್ದ ಕಾಣೋದು, ಊಟ ಆದ್ಮೇಲೆ ಒಂದೇ ಸಂದೀಲಿ ಪಲ್ಯದ ಚೂರು ಸಿಕ್ಕಾಕ್ಕೊಳ್ಳೋದು, ಇವನ್ನೆಲ್ಲ ಬರ್ಕೊಳ್ಳಿ. ಬೀಡಿ ಸಿಗರೇಟ್ ಸೇದೋರಿಗೆ ಒಂದು ಎಚ್ಚರಿಕೆ: ನಿಮಗೆ ರಕ್ತ ಬರದೇ ಇರಬಹುದು, ನಿಕೋಟಿನ್ ರಕ್ತನಾಳ ಬಿಗಿ ಮಾಡಿಟ್ಟಿರತ್ತೆ, ಒಳಗೆ ಮೂಳೆ ಹೋಗ್ತಿದ್ರೂ ವಸಡು ಮೇಲ್ನೋಟಕ್ಕೆ ಗಟ್ಟಿಯಾಗಿ ಚೆನ್ನಾಗೇ ಕಾಣತ್ತೆ. ನನ್ನ ಭಾವನಿಗೆ ಹಾಗೇ ಆಯ್ತು, ಬಿಟ್ಟ ಮೇಲೆ ರಕ್ತ ಶುರುವಾಯ್ತು, ಬಿಟ್ಟಿದ್ದೇ ತಪ್ಪಾಯ್ತು ಅಂತ ಮತ್ತೆ ಹಚ್ಚಿದ್ರು.

ಹಲ್ಲಿನ ಡಾಕ್ಟರ್ ಹತ್ರ ಏನು ಕೇಳ್ಬೇಕು

"ಕ್ಲೀನಿಂಗ್ ಮಾಡಿ" ಅಂತ ಕೇಳ್ಬೇಡಿ, "ಚಾರ್ಟಿಂಗ್ ಮಾಡಿ" ಅಂತ ಕೇಳಿ. ಇದೊಂದು ಪದ ಗೊತ್ತಿದ್ದಿದ್ರೆ ನನಗೆ ಎಂಟು ತಿಂಗಳು ಉಳೀತಿತ್ತು. ಚಾರ್ಟಿಂಗ್ ಅಂದ್ರೆ ಮಿಲಿಮೀಟರ್ ಗೆರೆ ಇರೋ ತೆಳು ಕಡ್ಡಿನ ಹಲ್ಲು ವಸಡು ಸೇರೋ ಸಂದಿಗೆ ಮೆಲ್ಲಗೆ ಇಳಿಸಿ ಎಷ್ಟು ಆಳ ಹೋಗತ್ತೆ ಅಂತ ಅಳೆಯೋದು, ಒಂದೊಂದು ಹಲ್ಲಿಗೆ ಆರು ಕಡೆ. ಅಳೆಯೋರು ಒಬ್ಬರು, ಬರ್ಕೊಳ್ಳೋರು ಇನ್ನೊಬ್ಬರು, ನೀವು ಬಾಯಿ ತೆರ್ಕೊಂಡು ಸೀಲಿಂಗ್ ನೋಡ್ತಾ ಕೇಳಿಸ್ಕೊಳ್ತಿರ್ತೀರ: "ಮೂರು, ಎರಡು, ಮೂರು. ಎರಡು, ಎರಡು, ಮೂರು. ನಾಲ್ಕು, ಮೂರು, ಐದು, ಬ್ಲೀಡಿಂಗು. ಆರು…" ಆರು ಅಂದಾಗ ಬರ್ಕೊಳ್ತಿದ್ದ ಹುಡುಗ "ಆರಾ?" ಅಂತ ವಾಪಸ್ ಕೇಳ್ದ, ನನ್ನ ಎದೆ ಧಸಕ್ ಅಂತು. 3ರ ತನಕ ಸರಿ, 4 ಅಂದ್ರೆ ನಿಗಾ ಇಡ್ಬೇಕು, 5-6 ಅಂದ್ರೆ ಅಲ್ಲಿಗೆ ನಿಮ್ಮ ಬ್ರಶ್ ಯಾವ ಕಾಲಕ್ಕೂ ಹೋಗಲ್ಲ, ಡಾಕ್ಟರ್ ಕೈಯೇ ಹೋಗ್ಬೇಕು. ಜೊತೆಗೆ ಎಕ್ಸ್‌ರೇ ತೆಗೆದು ಮೂಳೆ ಎಷ್ಟಿದೆ ಅಂತ ನೋಡ್ತಾರೆ. ಆ ಚಾರ್ಟಿನ ಫೋಟೋ ತಗೊಂಡಿಟ್ಕೊಳ್ಳಿ, ಮುಂದೆ ಸುಧಾರಣೆ ಆಯ್ತಾ ಇಲ್ವಾ ಅನ್ನೋದಕ್ಕೆ ಇದೇ ಅಳತೆಗೋಲು.

ಆಳ ಜಾಸ್ತಿ ಇದ್ರೆ ಡೀಪ್ ಕ್ಲೀನಿಂಗ್ ಹೇಳ್ತಾರೆ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ ಬೇರಿನ ಮೇಲೆ ಗಟ್ಟಿ ಕೂತಿರೋ ಗಾರೆ ತೆಗೆಯೋದು, ಎರಡರಿಂದ ನಾಲ್ಕು ಸಿಟ್ಟಿಂಗ್. "ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡತ್ತೆ" ಅಂತ ಮನೇಲಿ ಯಾರಾದ್ರೂ ಹಿರಿಯರು ಹೇಳೇ ಹೇಳ್ತಾರೆ. ಅದು ಹೇಗೆ ಅಂದ್ರೆ ಮೂಳೆ ಮೊದಲೇ ಹೋಗಿರತ್ತೆ, ಗಾರೆ ಒಂದೇ ಸಿಮೆಂಟ್ ಥರ ಪಕ್ಕಪಕ್ಕದ ಹಲ್ಲನ್ನ ಹಿಡ್ಕೊಂಡಿರತ್ತೆ, ಅದನ್ನ ತೆಗೆದಾಗ ಸತ್ಯ ಗೊತ್ತಾಗತ್ತೆ ಅಷ್ಟೇ. ಊತ ಇಳಿದ್ಮೇಲೆ ಹಲ್ಲಿನ ಮಧ್ಯೆ ಸಂದಿ ಕಾಣತ್ತೆ, ತಣ್ಣೀರು ಜುಮ್ ಅನ್ನತ್ತೆ, ಕೆಲವು ವಾರ ಇರತ್ತೆ, ಗಾಬರಿ ಬೇಡ. ಎರಡು ಮೂರು ತಿಂಗಳಾದ್ಮೇಲೆ ಮತ್ತೆ ಚಾರ್ಟಿಂಗ್ ಮಾಡಿ, ಆಗಲೂ 6 ಮೇಲೆ ಉಳಿದ್ರೆ ಫ್ಲ್ಯಾಪ್ ಸರ್ಜರಿ, ಅಂದ್ರೆ ವಸಡು ಬಿಡಿಸಿ ಒಳಗೆ ಕ್ಲೀನ್ ಮಾಡೋ ಆಪರೇಶನ್ ಮಾತು ಬರತ್ತೆ.

ದುಡ್ಡಿನ ಚಿಂತೆ ಇದ್ರೆ ಡೆಂಟಲ್ ಕಾಲೇಜಿಗೆ ಹೋಗಿ, ಈ ವಿಷಯದಲ್ಲಿ ಕರ್ನಾಟಕದೋರು ಪುಣ್ಯವಂತರು, ದೇಶದಲ್ಲೇ ಅತಿ ಹೆಚ್ಚು ಡೆಂಟಲ್ ಕಾಲೇಜು ಇರೋ ರಾಜ್ಯಗಳಲ್ಲಿ ನಮ್ಮದು ಮುಂದೆ. ಬೆಂಗಳೂರಲ್ಲಿ ಕೋಟೆ ಹತ್ರ ಸರ್ಕಾರಿ ಡೆಂಟಲ್ ಕಾಲೇಜಿದೆ, ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಮಂಗಳೂರು, ಮಣಿಪಾಲ ಎಲ್ಲಾ ಕಡೆ ಇದೆ. ಕೌಂಟರಲ್ಲಿ "ಪೆರಿಯೋ ಡಿಪಾರ್ಟ್‌ಮೆಂಟ್" ಅಂತ ಕೇಳಿ, ಅಂದ್ರೆ ವಸಡಿನ ವಿಭಾಗ. ಅರ್ಧ ದಿನ ರಜೆ ಹಾಕಿ ಹೋಗಿ, ಕೂರಿಸ್ತಾರೆ, ಆದ್ರೆ ಕಲಿಯೋ ಹುಡುಗ್ರು ಒಂದೊಂದು ಹಲ್ಲನ್ನೂ ಪರೀಕ್ಷೆಗೆ ಕೂತಂಗೆ ನೋಡ್ತಾರೆ.

ಅಲ್ಲಿ ಮೂರು ವಿಷಯ ನೀವಾಗೇ ಬಾಯಿ ಬಿಟ್ಟು ಹೇಳ್ಬೇಕು, ಅವ್ರು ಕೇಳ್ಲಿ ಬಿಡ್ಲಿ. ಆಪ್ನಿಯಾ ಇದೆ ಅಥವಾ ಅನುಮಾನ ಇದೆ ಅನ್ನೋದು, ಯಾಕಂದ್ರೆ ನಿದ್ದೆ ಬರೋ ಹಾಗೆ ಸೆಡೇಶನ್ ಕೊಡೋದು ಆಪ್ನಿಯಾ ಇರೋರಿಗೆ ಅಪಾಯ, ಮತ್ತೆ ಕುರ್ಚಿ ಪೂರ್ತಿ ಅಂಗಾತ ಮಾಡಿದ್ರೆ ಉಸಿರಿಗೆ ಕಷ್ಟ ಆಗ್ಬಹುದು, ಸ್ವಲ್ಪ ಏರಿಸಿಡಿ ಅಂತ ಧೈರ್ಯವಾಗಿ ಹೇಳಿ. ಎರಡನೇದು ಬಿಪಿ ಮಾತ್ರೆ ಹೆಸರು. ಆಪ್ನಿಯಾ ಇರೋರಿಗೆ ಬಿಪಿ ಸಾಮಾನ್ಯ, ನಮ್ಮಲ್ಲಿ ಬಿಪಿಗೆ ಅಮ್ಲೋಡಿಪಿನ್ ಸಾಮಾನ್ಯ, ಆ ಮಾತ್ರೆ ಕೆಲವರಿಗೆ ವಸಡು ಬೆಳೆಸಿ ಹಲ್ಲಿನ ಮೇಲೆ ಏರಿಸತ್ತೆ. ಹಂಗಂತ ನೀವೇ ನಿಲ್ಲಿಸಿಬಿಡಬೇಡಿ, ಬರ್ಕೊಟ್ಟ ಡಾಕ್ಟರ್‌ಗೆ ಹೇಳಿದ್ರೆ ಬೇರೆ ಮಾತ್ರೆ ಇದೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಅದನ್ನೂ ಹೇಳಿ, ಅದನ್ನೂ ನೀವೇ ನಿಲ್ಲಿಸ್ಬೇಡಿ. ಮೂರನೇದು ಶುಗರ್, ಮೂರು ತಿಂಗಳ ಸರಾಸರಿ ಎಚ್‌ಬಿಎ1ಸಿ ರಿಪೋರ್ಟ್ ತಗೊಂಡು ಹೋಗಿ. ಇದು ಎರಡೂ ಕಡೆ ಕೆಲಸ ಮಾಡೋ ವಿಷಯ: ಶುಗರ್ ಜಾಸ್ತಿ ಇದ್ರೆ ವಸಡು ವಾಸಿ ಆಗಲ್ಲ, ವಸಡು ವಾಸಿ ಮಾಡಿಸ್ಕೊಂಡ್ರೆ ಎಚ್‌ಬಿಎ1ಸಿ ಸುಮಾರು 0.4ರಷ್ಟು ಇಳಿಯತ್ತೆ ಅಂತ ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ ಬಂದಿದೆ, ಒಂದು ಮಾತ್ರೆ ಸೇರಿಸಿದಷ್ಟಲ್ಲದಿದ್ರೂ ಬಿಟ್ಟಿ ಬಂದ ಲಾಭ.

ನಿದ್ದೆ ಟೆಸ್ಟು

ಮೊದ್ಲು ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರ್ ಹತ್ರ ಹೋಗಿ, ನಿಮ್ಹಾನ್ಸಲ್ಲೂ ನಿದ್ದೆ ತೊಂದರೆಗೆ ನೋಡ್ತಾರೆ. ಟೆಸ್ಟ್ ಎರಡು ಥರ, ಆಸ್ಪತ್ರೇಲಿ ಮಲಗೋದು ಒಂದು, ಮನೆಗೆ ಕಿಟ್ ತಂದು ಮಲಗೋದು ಇನ್ನೊಂದು. ನಾನು ಆಸ್ಪತ್ರೇಲಿ ಮಲಗಿದೆ, ತಲೆಗೆ ಅಂಟು ಹಚ್ಚಿ ವೈರು, ಕಣ್ಣಿನ ಪಕ್ಕ ವೈರು, ಎದೆಗೆ ಹೊಟ್ಟೆಗೆ ಬೆಲ್ಟು, ಮೂಗಲ್ಲಿ ಪೈಪು, ಬೆರಳಲ್ಲಿ ಕ್ಲಿಪ್ಪು, ಯಕ್ಷಗಾನದ ವೇಷ ಕಟ್ಟಿದಂಗೆ ಒಂದು ಗಂಟೆ ಬೇಕಾಯ್ತು, ಇಷ್ಟೆಲ್ಲ ಕಟ್ಕೊಂಡು ಯಾರಿಗೆ ನಿದ್ದೆ ಬರತ್ತೆ ಅಂದ್ಕೊಂಡೆ, ಬಂತು.

ರಿಪೋರ್ಟು ಹತ್ತು ಪುಟ ಇರತ್ತೆ, ನೀವು ಹುಡುಕ್ಬೇಕಾಗಿರೋದು ಎರಡು ನಂಬರ್. ಎಎಚ್‌ಐ, ಅಂದ್ರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿದೆ ಅಥವಾ ಕಮ್ಮಿ ಆಗಿದೆ ಅನ್ನೋದು: 5ರ ಕೆಳಗೆ ಸರಿ, 15ರ ತನಕ ಸ್ವಲ್ಪ, 30ರ ತನಕ ಮಧ್ಯಮ, ಅದ್ರ ಮೇಲೆ ಜೋರು. ನನ್ನದು 32, ಏಳು ಗಂಟೆ ನಿದ್ದೆಗೆ ಲೆಕ್ಕ ಹಾಕಿ, 224 ಸಲ. ಇನ್ನೊಂದು, ಆಕ್ಸಿಜನ್ ಅತಿ ಕೆಳಗೆ ಎಷ್ಟಕ್ಕೆ ಇಳೀತು ಅನ್ನೋದು. ಈ ಎರಡು ನಂಬರ್ ಇರೋ ಪುಟದ ಜೆರಾಕ್ಸ್ ಹಲ್ಲಿನ ಫೈಲಿಗೆ, ಹಲ್ಲಿನ ಚಾರ್ಟಿನ ಜೆರಾಕ್ಸ್ ನಿದ್ದೆ ಫೈಲಿಗೆ. ಡಾಕ್ಟರುಗಳು ಒಬ್ರಿಗೊಬ್ರು ಫೋನ್ ಮಾಡ್ತಾರೆ ಅಂತ ಕಾಯ್ಬೇಡಿ, ಅವ್ರ ನಡುವೆ ಪೋಸ್ಟ್‌ಮ್ಯಾನ್ ನೀವೇ.

ಕ್ಲಿಪ್ಪಾ ಮಶೀನಾ

ಇಲ್ಲಿ ವಸಡಿನ ವಿಷಯ ನೇರವಾಗಿ ಅಡ್ಡ ಬರತ್ತೆ, ಅದಕ್ಕೇ ಗಮನ ಕೊಟ್ಟು ಓದಿ. ಕಮ್ಮಿ ಅಥವಾ ಮಧ್ಯಮ ಆಪ್ನಿಯಾಗೆ, ಮಶೀನ್ ಒಗ್ಗದೇ ಇರೋರಿಗೆ, ಕೆಳದವಡೆನ ಮುಂದಕ್ಕೆ ಎಳೆದು ಹಿಡಿಯೋ ಬಾಯಿ ಕ್ಲಿಪ್ಪು ಕೊಡ್ತಾರೆ, ದವಡೆ ಮುಂದೆ ಬಂದ್ರೆ ನಾಲಿಗೆನೂ ಮುಂದೆ ಬಂದು ಗಂಟಲು ತೆರೆಯತ್ತೆ. ನೋಡೋಕೆ ಚಿಕ್ಕದು, ಸದ್ದಿಲ್ಲ, ಕರೆಂಟ್ ಬೇಡ, ಎಲ್ರೂ ಅದನ್ನೇ ಕೇಳ್ತಾರೆ, ನಾನೂ ಕೇಳಿದೆ. ಆದ್ರೆ ಅದು ಹಿಡ್ಕೊಳ್ಳೋದು ಏನನ್ನ? ಹಲ್ಲನ್ನ. ರಾತ್ರಿಯಿಡೀ ದವಡೆ ವಾಪಸ್ ಹೋಗೋಕೆ ಎಳೀತಿರತ್ತೆ, ಆ ಎಳೆತ ಎಲ್ಲಾ ಹಲ್ಲಿನ ಮೇಲೆ. ಮೂಳೆ ಗಟ್ಟಿ ಇದ್ದೋರಿಗೇ ವರ್ಷಗಳ ಮೇಲೆ ಹಲ್ಲು ಸ್ವಲ್ಪ ಸರಿಯತ್ತೆ, ಇನ್ನು ಅರ್ಧ ಮೂಳೆ ಹೋಗಿರೋ ಹಲ್ಲಿಗೆ ಇದನ್ನ ಹಾಕೋದು ಸಡಿಲ ಗೂಟಕ್ಕೆ ಎಮ್ಮೆ ಕಟ್ಟಿದಂಗೆ. ಹಾಗಾಗಿ ವಸಡಲ್ಲಿ ರೋಗ ಇದ್ರೆ ಮೊದ್ಲು ಅದು ವಾಸಿ, ಎರಡನೇ ಚಾರ್ಟಿಂಗಲ್ಲಿ ಸರಿ ಅಂತ ಬರ್ಬೇಕು, ಆಮೇಲೆ ಕ್ಲಿಪ್ಪಿನ ಮಾತು. ಮೇಲೆ ಕೆಳಗೆ ಎಂಟು ಹತ್ತಾದ್ರೂ ಗಟ್ಟಿ ಹಲ್ಲು ಬೇಕು ಅಂತಾರೆ. ಆನ್‌ಲೈನಲ್ಲಿ ಬಿಸಿನೀರಲ್ಲಿ ಅದ್ದಿ ಕಚ್ಚೋ ಸಾವಿರ ರೂಪಾಯಿ ಕ್ಲಿಪ್ಪು ಸಿಗತ್ತೆ, ವಸಡು ಸರಿ ಇಲ್ದೋರು ಅದ್ರ ಹತ್ರಾನೂ ಹೋಗ್ಬೇಡಿ.

ವಸಡು ವಾಸಿ ಆಗೋ ತನಕ ಹಾಗಾದ್ರೆ ಉಸಿರು ಕಟ್ಕೊಂಡೇ ಮಲಗೋದಾ? ಅಲ್ಲ, ಅಷ್ಟು ದಿನ ಸಿಪ್ಯಾಪ್ ಮಶೀನ್. ಜೋರಾಗಿ ಆಪ್ನಿಯಾ ಇರೋರಿಗೆ ಹೇಗಿದ್ರೂ ಅದೇ ಮೊದಲ ಔಷಧಿ. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ಅನ್ನೋ ಡಾಕ್ಟರ್ ಶುರು ಮಾಡಿದ್ದು, ಗಾಳೀನ ಒತ್ತಡದಲ್ಲಿ ಕಳಿಸಿ ಗಂಟಲು ಮುಚ್ಚದ ಹಾಗೆ ನೋಡ್ಕೊಳ್ಳತ್ತೆ, ಹಲ್ಲಿಗೆ ಭಾರ ಇಲ್ಲ. ಆದ್ರೆ ಇದ್ರಲ್ಲೂ ಬಾಯಿಗೆ ಸಂಬಂಧಪಟ್ಟ ಒಂದು ಕಿರಿಕಿರಿ ಇದೆ, ಮೂಗಿಗೆ ಹಾಕಿದ ಗಾಳಿ ಬಾಯಿಂದ ಸೋರಿದ್ರೆ ಬಾಯಿ ಮೊದಲಿಗಿಂತ ಜಾಸ್ತಿ ಒಣಗತ್ತೆ. ನನಗೆ ಮೊದಲ ಹದಿನೈದು ದಿನ ಬೆಳಗ್ಗೆ ಬಾಯಲ್ಲಿ ಮರಳು ತುಂಬಿದಂಗಿತ್ತು.

ಅದಕ್ಕೆ ಏನು ಮಾಡೋದು ಅಂದ್ರೆ ಮೂಗಿಂದ ಶುರು ಮಾಡಿ. ಮೂಗು ಕಟ್ಟಿದ್ರೆ ಬಾಯಿ ತೆರೆದೇ ತೆರೆಯತ್ತೆ, ಮೂಗಿನ ಮೂಳೆ ಸೊಟ್ಟ ಇದೆಯಾ, ಅಲರ್ಜಿನಾ ಅಂತ ಇಎನ್‌ಟಿ ಹತ್ರ ನೋಡಿಸಿ, ಮಲಗೋಕೆ ಮುಂಚೆ ಉಪ್ಪುನೀರಿನ ಸ್ಪ್ರೇ ಹೊಡ್ಕೊಳ್ಳಿ. ದಿನಾ ಸೆಟ್ರಿಜಿನ್ ನುಂಗೋ ಅಭ್ಯಾಸ ಇದ್ರೆ ಅದೂ ಬಾಯಿ ಒಣಗಿಸತ್ತೆ, ಮೂಗು ಬಿಡಿಸೋ ಡ್ರಾಪ್ಸ್ ಒಂದು ವಾರದ ಮೇಲೆ ಹಾಕಿದ್ರೆ ಬಿಟ್ಟ ತಕ್ಷಣ ಮೂಗು ಇನ್ನೂ ಜೋರಾಗಿ ಕಟ್ಟತ್ತೆ. ಮಶೀನಲ್ಲಿ ಹ್ಯೂಮಿಡಿಫೈಯರ್ ಡಬ್ಬಿ ಇರತ್ತೆ, ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ, ಬೋರ್‌ವೆಲ್ ನೀರು ಹಾಕಿದ್ರೆ ವಾರದಲ್ಲಿ ಬಿಳಿ ಗಾರೆ ಕೂರತ್ತೆ, ದಿನಾ ಚೆಲ್ಲಿ ತೊಳೆದು ಹೊಸ ನೀರು. ಗಾಳಿ ಸೋರ್ತಿದ್ರೆ ಗಲ್ಲಕ್ಕೆ ಪಟ್ಟಿ ಕಟ್ಟಬಹುದು ಅಥವಾ ಮೂಗು ಬಾಯಿ ಎರಡೂ ಮುಚ್ಚೋ ಮಾಸ್ಕಿಗೆ ಬದಲಾಯಿಸಬಹುದು, ಕೊಟ್ಟೋರ ಹತ್ರ ಟ್ರಯಲ್ ಕೇಳಿ, ಮಾಸ್ಕ್ ಸರಿ ಇಲ್ದೇನೇ ಬಹಳ ಜನ ಮಶೀನ್ ಅಟ್ಟಕ್ಕೆ ಹಾಕೋದು. ಬಾಯಿಗೆ ಟೇಪ್ ಹಚ್ಚೋ ರೀಲ್ಸ್ ನೋಡಿ ಟೇಪ್ ತರೋಕೆ ಹೋಗ್ಬೇಡಿ, ಮೂಗು ಕಟ್ಟಿರೋನು, ಟೆಸ್ಟೇ ಆಗದಿರೋನು ಬಾಯಿನೂ ಮುಚ್ಕೊಂಡ್ರೆ ಗತಿ ಏನು. ರಾತ್ರಿಗೆ ನಾಲ್ಕು ಗಂಟೆಯಾದ್ರೂ ಮಶೀನ್ ಹಾಕಿರ್ಬೇಕು ಅನ್ನೋದು ಡಾಕ್ಟರುಗಳು ಇಟ್ಟಿರೋ ಕನಿಷ್ಠ ಲೆಕ್ಕ, ಮಶೀನ್ ಒಳಗೇ ಅದು ರೆಕಾರ್ಡ್ ಆಗತ್ತೆ, ಸುಳ್ಳು ಹೇಳೋಕಾಗಲ್ಲ.

ಮಲಗೋ ಮುಂಚೆ ಮಾಡೋ ಕೆಲಸ

ನಮ್ಮಲ್ಲಿ ಬೆಳಗ್ಗೆ ಉಜ್ಜೋದು ಪೂಜೆ ಥರ, ರಾತ್ರಿ ಉಜ್ಜೋದು ಮಕ್ಕಳಿಗೆ ಮಾತ್ರ. ಬಾಯಿ ಒಣಗಿಸ್ಕೊಂಡು ಮಲಗೋರಿಗೆ ಇದು ಉಲ್ಟಾ ಆಗ್ಬೇಕು, ಒಂದೇ ಸಲ ಉಜ್ಜೋದು ಅಂತಾದ್ರೆ ರಾತ್ರಿ ಉಜ್ಜಿ. ಮೆತ್ತನೆ ಬ್ರಶ್, ಅದನ್ನ ಹಲ್ಲು ವಸಡು ಸೇರೋ ಗೆರೆಗೆ ಓರೆಯಾಗಿ, ಸುಮಾರು 45 ಡಿಗ್ರಿ, ಇಟ್ಟು ಅಲ್ಲಲ್ಲೇ ಸಣ್ಣಗೆ ಅಲ್ಲಾಡಿಸಿ, ಪಾತ್ರೆ ತಿಕ್ಕೋ ಹಾಗಲ್ಲ. ಎರಡು ನಿಮಿಷ. ಆಮೇಲೆ ಹಲ್ಲಿನ ಸಂದಿಗೆ ಬಾಟಲ್ ತೊಳೆಯೋ ಬ್ರಶ್ಶಿನ ಮರಿ ಥರ ಇರೋ ಪುಟ್ಟ ಬ್ರಶ್ ಸಿಗತ್ತೆ ಮೆಡಿಕಲ್ ಸ್ಟೋರಲ್ಲಿ, ಇಂಟರ್‌ಡೆಂಟಲ್ ಬ್ರಶ್ ಅಂತ ಕೇಳಿ, ಯಾವ ಸಂದಿಗೆ ಯಾವ ಸೈಜ್ ಅಂತ ಡೆಂಟಿಸ್ಟ್ ಹತ್ರಾನೇ ಒಂದ್ಸಲ ಹಾಕಿಸ್ಕೊಂಡು ನೋಡಿ. ಮೊದಲ ವಾರ ರಕ್ತ ಬರತ್ತೆ, ರಕ್ತ ಬಂತು ಅಂತ ಬಿಟ್ರೆ ಅಲ್ಲಿ ಇನ್ನೂ ಪಾಚಿ ಕಟ್ಟತ್ತೆ, ಬಿಡದೇ ಮಾಡಿದ್ರೆ ಹತ್ತು ಹನ್ನೆರಡು ದಿನಕ್ಕೆ ಕಮ್ಮಿ ಆಗತ್ತೆ, ಆಗದಿದ್ರೆ ವಸಡಿನ ಕೆಳಗೆ ಗಾರೆ ಇದೆ ಅಂತ ಅರ್ಥ.

ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ಮಾಸ್ಕ್ ಹಾಕ್ಕೊಂಡ್ಮೇಲೆ ನೆನಪಾಗಿ ಎದ್ದು ಬಾದಾಮಿ ಹಾಲು, ಒಂದು ಬಾಳೆಹಣ್ಣು, ಇದು ನನ್ನ ಚಾಳಿ, ಬಿಡೋಕೆ ಎರಡು ತಿಂಗಳಾಯ್ತು. ಖಾರ ಉರಿ ಅನ್ನೋ ಆಲ್ಕೋಹಾಲ್ ಇರೋ ಮೌತ್‌ವಾಶ್ ಬೇಡ, ಒಣಗಿದ ಬಾಯಿನ ಇನ್ನೂ ಒಣಗಿಸತ್ತೆ. ಡಾಕ್ಟರ್ ಕ್ಲೋರ್‌ಹೆಕ್ಸಿಡಿನ್ 0.2 ಪರ್ಸೆಂಟ್ ಮೌತ್‌ವಾಶ್ ಬರ್ಕೊಟ್ರೆ ಹೇಳಿದ ಒಂದೆರಡು ವಾರ ಮಾತ್ರ, ಪೇಸ್ಟಲ್ಲಿ ಉಜ್ಜಿ ಅರ್ಧ ಗಂಟೆ ಬಿಟ್ಟು, ತಿಂಗಳುಗಟ್ಟಲೆ ಹಾಕಿದ್ರೆ ಹಲ್ಲು ಕಂದು ಆಗತ್ತೆ, ಸಾರಿನ ರುಚಿಯೂ ಗೊತ್ತಾಗಲ್ಲ. ಎಣ್ಣೆ ಮುಕ್ಕಳಿಸೋದು ಬೇಕಾದ್ರೆ ಮಾಡಿ, ಕೂತ ಗಾರೆ ಅದ್ರಿಂದ ಬರಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಹೊಗೆಸೊಪ್ಪಿನ ಮಿಶ್ರಿ ಬೇಡವೇ ಬೇಡ. ಎಲೆ ಅಡಿಕೆ ಸುಣ್ಣದ ಜೊತೆ ಹೊಗೆಸೊಪ್ಪು ದವಡೇಲಿಟ್ಕೊಂಡೇ ಮಲಗೋ ಹಿರಿಯರು ನಮ್ಮೂರಲ್ಲಿ ಇನ್ನೂ ಇದ್ದಾರೆ, ಆ ಜಾಗದ ವಸಡು ಕಿತ್ತು ಬೇರು ಕಾಣ್ತಿರತ್ತೆ, ಅವ್ರಿಗೆ ವಸಡಿಗಿಂತ ಮುಂಚೆ ಬಾಯಿ ಕ್ಯಾನ್ಸರ್ ತಪಾಸಣೆ ಮಾಡಿಸಿ.

ಮಗ್ಗುಲಲ್ಲಿ ಮಲಗೋದು ಕಾಸಿಲ್ಲದ ಔಷಧಿ, ಅಂಗಾತ ಮಲಗಿದ್ರೆ ಆಪ್ನಿಯಾ ಜಾಸ್ತಿ ಆಗೋರು ಬಹಳ. ಹಳೇ ಟೀಶರ್ಟ್ ಬೆನ್ನಿಗೆ ಜೇಬು ಹೊಲಿಸಿ ಟೆನಿಸ್ ಬಾಲ್ ಹಾಕ್ಕೊಂಡ್ರೆ ತಿರುಗಿದಾಗ ಚುಚ್ಚತ್ತೆ, ನಗಬೇಡಿ, ಕೆಲಸ ಮಾಡತ್ತೆ. ರಾತ್ರಿ ಪೆಗ್ ಹಾಕೋರು, ನಿದ್ದೆ ಮಾತ್ರೆ ನುಂಗೋರು ಗಂಟಲನ್ನ ಇನ್ನೂ ಸಡಿಲ ಮಾಡ್ಕೊಳ್ತಾರೆ, ಪೆಗ್ಗು ಬಾಯಿನೂ ಒಣಗಿಸತ್ತೆ. ತೂಕದ ಬಗ್ಗೆ ಒಂದೇ ಲೆಕ್ಕ ಹೇಳ್ತೀನಿ, 10 ಪರ್ಸೆಂಟ್ ತೂಕ ಇಳಿದ್ರೆ ಎಎಚ್‌ಐ ಸರಾಸರಿ ಕಾಲು ಭಾಗ ಇಳಿಯತ್ತೆ ಅಂತ ಅಮೆರಿಕದ ದೊಡ್ಡ ಅಧ್ಯಯನ ಒಂದು 2000ದಲ್ಲಿ ತೋರಿಸ್ತು, 90 ಕೆಜಿ ಇದ್ದೋರಿಗೆ ಅಂದ್ರೆ 9 ಕೆಜಿ.

ಇದೆಲ್ಲ ನಿಧಾನಕ್ಕೆ ಮಾಡೋ ಕೆಲಸ, ಆದ್ರೆ ಕೆಲವಕ್ಕೆ ಕಾಯೋ ಹಾಗಿಲ್ಲ. ಗಾಡಿ ಓಡಿಸ್ತಾ ತೂಕಡಿಕೆ ಬಂದ್ರೆ ಟೆಸ್ಟ್ ಆಗೋ ತನಕ ಸ್ಟೇರಿಂಗ್ ಬೇರೆಯೋರಿಗೆ ಕೊಡಿ. ವಸಡಲ್ಲಿ ಕೀವು ಗಡ್ಡೆ, ಜ್ವರ, ಮುಖ ಊದೋದು, ಬಾಯಿ ತೆರೆಯೋಕೆ ಆಗದೇ ಇರೋದು ಆದ್ರೆ ಅವತ್ತೇ ಹೋಗಿ, ಅಂಗಡೀಲಿ ಆಂಟಿಬಯೋಟಿಕ್ ಕೇಳಿ ತಗೊಂಡು ನೋವು ಅಡಗಿಸ್ಕೊಂಡು ಕೂರ್ಬೇಡಿ.

ವಾಸಿ ಆಯ್ತು ಅಂತ ಅನ್ಸಿದ್ಮೇಲೂ ಮೂರು ನಾಲ್ಕು ತಿಂಗಳಿಗೊಮ್ಮೆ ವಸಡು ತೋರಿಸ್ಬೇಕು, ಪೆರಿಯೋಡಾಂಟೈಟಿಸ್ ಒಂದ್ಸಲ ಬಂದೋರಿಗೆ ಅದು ಬಿಪಿ ಶುಗರ್ ಥರ, ಹಿಡಿತದಲ್ಲಿ ಇಡೋದಷ್ಟೇ. ನನ್ನ ಹೋದ ಸಲದ ಚಾರ್ಟಲ್ಲಿ ಆರು ಇದ್ದದ್ದೆಲ್ಲ ನಾಲ್ಕಕ್ಕೆ ಬಂದಿದೆ, ಮಶೀನಲ್ಲಿ ಎಎಚ್‌ಐ 4 ತೋರಿಸ್ತಿದೆ, ಯಾವುದರಿಂದ ಯಾವುದು ಸರಿ ಹೋಯ್ತು ಅಂತ ಕೇಳಿದ್ರೆ ಆ ಪಿಜಿ ಹುಡುಗಿ ನಕ್ಕು "ಎರಡೂ ಮಾಡಿದ್ರಲ್ಲ ಸಾರ್" ಅಂದ್ಲು. ಮೇಲಿನ ಬಲಗಡೆ ದವಡೆ ಹಲ್ಲೊಂದು ಮಾತ್ರ ಇನ್ನೂ ಐದರಲ್ಲೇ ಕೂತಿದೆ, ಸಂದಿಗೆ ಒಂದು ಸೈಜ್ ದೊಡ್ಡ ಬ್ರಶ್ ಕೊಟ್ಟಿದ್ದಾರೆ, ಮಾರ್ಚಲ್ಲಿ ಮತ್ತೆ ಅಳೀತಾರಂತೆ.